ಅತ್ತೆಯ ಕಿವಿಯಲ್ಲಿ ಹೇಳಿದ ಸಿನಿಮಾಗಳು

ಕೆಟ್ಟ ಸಿನಿಮಾಕ್ಕೆ ನನ್ನ ಅತ್ತೆ ಇಟ್ಟಿದ್ದ ಹೆಸರು ಬೋರಗಾಂವ. ಅದು ನನ್ನ ತವರೂರು.

ಆ ಹೆಸರು ಹುಟ್ಟಿದ್ದು ನಿಪ್ಪಾಣಿಯ ಒಂದು ಟಾಕೀಜಿನಲ್ಲಿ. ನಾವಿಬ್ಬರೂ ಕೂಡಿ ನೋಡಿದ ಎರಡನೆಯದೋ ಮೂರನೆಯದೋ ಸಿನಿಮಾ ಇರಬೇಕು. ಹಿಂದಿನ ಸಾಲಿನ ಕಾಲೇಜು ಹುಡುಗರು ‘ಬೋರ್, ಬೋರ್’ ಎಂದು ಕೂಗತೊಡಗಿದರು.

“ಬೋರ್ ಅಂದ್ರ ಏನ?” ಎಂದು ಅತ್ತೆ ಕೇಳಿದರು.

“ಬ್ಯಾಸರ ಅಂತ್ರಿ.”

ಅತ್ತೆ ಸ್ವಲ್ಪ ಹೊತ್ತು ವಿಚಾರ ಮಾಡಿ, “ಹಂಗಾದ್ರ ನಿಮ್ಮೂರಿಗೆ ಬರೋಬರಿ ಹೆಸರ ಇಟ್ಟಾರ ನೋಡು,” ಅಂದರು.

ಅಲ್ಲಿಂದ ಮುಂದೆ ಸಿನಿಮಾ ಹೇಗಿತ್ತು ಎಂದು ಯಾರು ಕೇಳಿದರೂ, ಹಿಡಿಸದಿದ್ದರೆ “ಬೋರಗಾಂವ ಮಟಾ ಹೋಗಿ ಬಂದ್ವಿ” ಎನ್ನುವರು. ತೀರಾ ಕೆಟ್ಟಿದ್ದರೆ “ಬೋರಗಾಂವದಾಗ ವಸ್ತಿ ಮಾಡಿ ಬಂದ್ವಿ.” ನಮ್ಮ ಓಣಿಯಲ್ಲಿ ಈ ಮಾತು ಎಲ್ಲರ ಬಾಯಿಗೂ ಬಂತು. ನಾನು ನಗುತ್ತಿದ್ದೆ. ಒಳಗೆ ಸ್ವಲ್ಪ ಚುಚ್ಚುತ್ತಲೂ ಇತ್ತು. ತವರಿನ ಹೆಸರು ಯಾರಾದರೂ ಹಾಗೆ ಎತ್ತಿದರೆ ಯಾವ ಹೆಣ್ಣುಮಗಳಿಗಾದರೂ ಚುಚ್ಚುತ್ತದೆ.

ಅತ್ತೆ ತೀರಿಕೊಂಡು ಒಂದು ವರ್ಷದ ಮೇಲಾಯಿತು. ಅವರ ಬಗ್ಗೆ ಬರೆಯಬೇಕೆಂದು ಕುಳಿತರೆ ಮೊದಲು ನೆನಪಾಗುವುದು ಕತ್ತಲಲ್ಲಿ ನನ್ನ ಕಡೆಗೆ ವಾಲಿದ ಅವರ ತಲೆ ಮತ್ತು ಸೆರಗು ಸರಿಸಿ ನನ್ನ ಬಾಯಿಯ ಹತ್ತಿರ ತಂದಿಟ್ಟ ಅವರ ಬಲಗಿವಿ.

ಅತ್ತೆ ಕಬ್ಬೂರಿನವರು. ಅರವತ್ತು ವರ್ಷ ಕಬ್ಬಿನ ಹೊಲ, ಎಮ್ಮೆ, ಮನೆ ಎಂದು ಅಲ್ಲಿಯೇ ಕಳೆದವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಅವರನ್ನು ನಿಪ್ಪಾಣಿಗೆ ಕರೆತಂದರು. ಇವರಿಗೆ ಇಲ್ಲಿ ಕಚೇರಿಯಲ್ಲಿ ನೌಕರಿ. ಬಂದ ಹೊಸದರಲ್ಲಿ ಅತ್ತೆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುವರು, ಉಂಡು ಮತ್ತೆ ಗೋಡೆಗೆ ಮುಖ ಮಾಡಿ ಮಲಗುವರು. ಒಂದು ದಿನ ನಾನು ಸುಮ್ಮನೆ, “ಪಿಚ್ಚರಿಗೆ ಹೋಗೋಣೇನ್ರಿ ಅತ್ತೀ?” ಎಂದು ಕೇಳಿದೆ. ಎದ್ದು ಕುಳಿತು, “ಕುಂಡ್ರಾಕ ಗಾದಿ ಇರ್ತೈತೇನ?” ಅಂದರು. ಇರುತ್ತದೆ ಎಂದೆ. ಅವರು ಮನೆಯಿಂದ ಹೊರಗೆ ಕಾಲಿಟ್ಟದ್ದು ಅಂದೇ.

ತೊಂದರೆ ಎಂದರೆ ಭಾಷೆ. ನಮ್ಮ ಟಾಕೀಜುಗಳಿಗೆ ಬರುವುದು ಹೆಚ್ಚಾಗಿ ಮರಾಠಿ, ಹಿಂದಿ ಸಿನಿಮಾ. ಅತ್ತೆಗೆ ಬದನೆಕಾಯಿ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು. ಸಿನಿಮಾದ ಮರಾಠಿ ಅದಕ್ಕಿಂತ ಬೇಗ ಓಡುತ್ತದೆ. ಹಿಂದಿಯಂತೂ ದೂರವೇ ಉಳಿಯಿತು. ಮೊದಲ ಸಲ ಹಿಂದಿ ಸಿನಿಮಾಕ್ಕೆ ಕರೆದುಕೊಂಡು ಹೋದಾಗ ಅರ್ಧ ತಾಸು ತಡೆದುಕೊಂಡು ಕುಳಿತು ಆಮೇಲೆ ಕೇಳಿದರು:

“ಆಂವ ಆಗಿಂದ ಛಲೋ, ಛಲೋ ಅನ್ನಾಕತ್ತಾನ. ಏನ್ ಛಲೋ ಐತೋ ನನಗ ಒಂದೂ ಕಾಣವಲ್ದು.”

“ಹಂಗಂದ್ರ ಛಲೋ ಅಲ್ರಿ. ನಡೀರಿ ಅಂತ ಅರ್ಥ.”

“ಹಂಗಾದ್ರ ನಡಿ, ಮನಿಗೆ ಹೋಗೂಣು. ಆಂವನ ಹೇಳಾಕತ್ತಾನ.”

ಒಮ್ಮೆ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಕನ್ನಡ ಸಿನಿಮಾವನ್ನೂ ತೋರಿಸಿದೆ. ಅಂದು ನನಗೆ ಕೆಲಸವಿಲ್ಲ ಎಂದುಕೊಂಡಿದ್ದೆ. ಬೆಂಗಳೂರು ಕಡೆಯ ಮಾತು, ಅದೂ ಹುಡುಗರ ಮಾತು. ಅತ್ತೆ ನನ್ನ ಮೊಣಕೈ ತಿವಿದು, “ಇದನ್ನೂ ಕನ್ನಡದಾಗ ಹೇಳಬೇ,” ಅಂದರು.

ಕಿವಿಯಲ್ಲಿ ಹೇಳುವುದು ನನಗೆ ಬರುತ್ತಿತ್ತು. ಬೋರಗಾಂವದಲ್ಲಿ ನಮ್ಮದು ಪಾವರ್‌ಲೂಮಿನ ಮನೆ. ನಾಲ್ಕು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದರೆ ಎದುರಿಗಿದ್ದವರಿಗೂ ಮಾತು ಕೇಳುವುದಿಲ್ಲ. ಅಲ್ಲಿ ಕೂಗುವುದು ವ್ಯರ್ಥ. ಕಿವಿಗೆ ಬಾಯಿ ಹಚ್ಚಿ, ಸಣ್ಣ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಬೇಕು. ಪಕ್ಕದಲ್ಲಿ ನಿಂತವನಿಗೂ ಅದು ತಿಳಿಯುವುದಿಲ್ಲ. ಊಟಕ್ಕೆ ಕರೆಯುವುದು, ನೂಲು ಹರಿದದ್ದು, ಯಾರದೋ ಮದುವೆ ಮುರಿದದ್ದು, ಎಲ್ಲವನ್ನೂ ನಾವು ಹಾಗೆಯೇ ಹೇಳಿಕೊಳ್ಳುತ್ತಿದ್ದೆವು. ಟಾಕೀಜಿನಲ್ಲಿ ನನಗೆ ಅದು ಉಪಯೋಗಕ್ಕೆ ಬಂತು. ನಮ್ಮಿಂದ ತೊಂದರೆಯಾಯಿತು ಎಂದು ಯಾರೂ ಒಂದು ದಿನವೂ ಅನ್ನಲಿಲ್ಲ.

ನೋಡಿದ ಸಿನಿಮಾಗಳಲ್ಲಿ ಹೆಚ್ಚಿನವು ಚೆನ್ನಾಗಿರಲಿಲ್ಲ. ಇದನ್ನು ಈಗ ಹೇಳಬಹುದು. ಆಗ ತೀರ್ಪು ಹೇಳುವವರು ಅತ್ತೆ, ನಾನು ಕೇಳುವವಳು. ಅವರು ಮುಖ ನೋಡಿ ಮಾತಾಡುತ್ತಿರಲಿಲ್ಲ. ಒಂದು ಹಾಡಿನಲ್ಲಿ ನಾಯಕಿ ತೋಳಿಲ್ಲದ ರವಿಕೆ ತೊಟ್ಟು ಕಬ್ಬಿನ ಹೊಲದ ನಡುವೆ ಓಡುತ್ತಾಳೆ. “ಆ ಹೊಲದಾಗ ಹಂಗ ಓಡಿದ್ರ ಎಲಿ ಗೀರಿ ಮೈಯೆಲ್ಲಾ ರಕ್ತ ಆಗ್ತೈತಿ. ಈಕಿಗೆ ಒಂದ್ ಗೆರಿನೂ ಬಿದ್ದಿಲ್ಲ. ಕಬ್ಬು ಕಾಗದದ್ದು ಇರಬೇಕು,” ಅಂದರು. ಇನ್ನೊಂದರಲ್ಲಿ ಸೊಸೆ ಮೂವತ್ತು ಮಂದಿಗೆ ಅಡುಗೆ ಮಾಡಿ ಬಡಿಸುತ್ತಾಳೆ, ಅಷ್ಟರಲ್ಲಿ ಜಗಳ ಶುರುವಾಗಿ ಎಲ್ಲರೂ ಎದ್ದು ಹೋಗುತ್ತಾರೆ. ಆಮೇಲೆ ಒಂದು ತಾಸು ಏನೇನೋ ನಡೆಯಿತು, ಬಡಿದಾಟವಾಯಿತು, ನಾಯಕ ಜೈಲಿಗೆ ಹೋಗಿ ಬಂದ. ಅತ್ತೆ ಮನೆಗೆ ಬಂದ ಮೇಲೂ, “ಆ ಅನ್ನಾ ಏನಾತು?” ಎಂದು ಕೇಳುತ್ತಿದ್ದರು. ಅವರ ಅಭಿಪ್ರಾಯದಲ್ಲಿ ಸಿನಿಮಾ ಮಾಡುವವರು ಮನೆಯಲ್ಲಿ ಕೆಲಸ ಮಾಡಿದವರಲ್ಲ. ನನಗೂ ಹಾಗೆಯೇ ಅನ್ನಿಸುತ್ತದೆ.

ಅತ್ತೆ ನೋಡಿ ಬಂದ ಸಿನಿಮಾದ ಕಥೆಯನ್ನು ಮರುದಿನ ಬೆಳಿಗ್ಗೆ ಎದುರು ಮನೆಯ ಕಾಕೂ ಮುಂದೆ ಪೂರಾ ಹೇಳುತ್ತಿದ್ದರು. ಕಾಕೂ ಮರಾಠಿ ಮನೆತನದವರು, ಅತ್ತೆಗಿಂತ ಎರಡು ಮೂರು ವರ್ಷ ಸಣ್ಣವರು. ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕುಳಿತು ಕಾಯಿಪಲ್ಲೆ ಸೋಸುತ್ತ ಎಂಟು ವರ್ಷ ಮಾತಾಡಿದರು. ಅತ್ತೆ ನೋಡಲು ಅಡ್ಡಿಯಿಲ್ಲ ಎಂದರೆ ಕಾಕೂ ತಮ್ಮ ಸೊಸೆಯನ್ನು ಕರೆದುಕೊಂಡು ಹೋಗುವರು. ಬೋರಗಾಂವ ಎಂದರೆ ಇಲ್ಲ.

ತಪ್ಪು ಮಾಡಿದ್ದು ನಾನು. ಮೊದಲು ಸಣ್ಣದಾಗಿ ಮಾಡಿದೆ. ಒಂದು ಹಾಸ್ಯ ಬಹಳ ಕೀಳಾಗಿತ್ತು, ಅತ್ತೆಯ ಕಿವಿಯಲ್ಲಿ ಅದನ್ನು ಹೇಳಲು ನಾಚಿಕೆಯಾಗಿ ಬೇರೆ ಏನೋ ಹೇಳಿದೆ. ಅವರು ನಕ್ಕರು. ಇನ್ನೊಂದು ಸಲ ಕಥೆಗೆ ತಲೆಬುಡ ಇರಲಿಲ್ಲ, ನಾನೇ ಒಂದು ಕಾರಣ ಸೇರಿಸಿದೆ. ಹೊರಗೆ ಬಂದ ಮೇಲೆ ಅತ್ತೆ ಬೋರಗಾಂವದ ಹೆಸರೆತ್ತಲಿಲ್ಲ, “ಪರವಾಗಿಲ್ಲ ಇದು” ಅಂದರು. ಅಂದು ಆದ ಖುಷಿ ನೆನಪಿದೆ. ಆಮೇಲೆ ಕೆಟ್ಟ ಸಿನಿಮಾಗಳನ್ನು ಕಿವಿಯಲ್ಲಿ ರಿಪೇರಿ ಮಾಡುವುದು ನನಗೆ ರೂಢಿಯಾಯಿತು. ಎಲ್ಲವನ್ನೂ ಅಲ್ಲ. ಪರದೆಯ ಮೇಲೆ ಕಾಣುವುದನ್ನು ಬದಲಿಸಲು ಬರುವುದಿಲ್ಲ. ಬಾಯಿ ಅಲುಗಾಡಿದ ಕಡೆ ಮಾತ್ರ ನನ್ನ ಆಟ. ಕಾಕೂ ಹೋಗಿ ನೋಡಿದಾಗ ಒಂದೆರಡು ಮಾತು ಬೇರೆ ಕಂಡರೂ, ಅತ್ತೆ ಮರೆತಿರಬೇಕು ಎಂದುಕೊಂಡು ಬಿಡುತ್ತಿದ್ದರು.

ಹೀಗಿರುವಾಗ ಒಂದು ಮರಾಠಿ ಸಿನಿಮಾ ಬಂತು. ಅಣ್ಣನೊಬ್ಬ ತಂಗಿಯ ಗಂಡ ಸತ್ತರೂ ಅವಳ ಮನೆಗೆ ಹೋಗುವುದಿಲ್ಲ. ಕಥೆ ಅಲ್ಲಿಗೆ ಬಂದಾಗ ಅತ್ತೆ ನೆಟ್ಟಗೆ ಕುಳಿತರು. ಅವರ ಅಣ್ಣ ಮುಗಳಖೋಡದಲ್ಲಿದ್ದಾರೆ. ಮಾವ ತೀರಿಕೊಂಡಾಗ ಅವರೂ ಬಂದಿರಲಿಲ್ಲ. ಸಿನಿಮಾದ ಕಡೆಯಲ್ಲಿ ಅಣ್ಣ ತಂಗಿಯ ಬಾಗಿಲಿಗೆ ಬಂದು ಕೈ ಜೋಡಿಸಿ ನಿಲ್ಲುತ್ತಾನೆ. ಆಡಿದ ಮಾತು ಇಷ್ಟೇ: ‘ನಿಮಗೆ ಕೈ ಮುಗಿದೆ, ಇನ್ನು ನನ್ನ ಹೆಸರು ಎತ್ತಬೇಡಿ.’ ಹೇಳಿ ಹೊರಟು ಹೋಗುತ್ತಾನೆ, ಹಿಂದೆಯೇ ಯಾರದೋ ಮದುವೆಯ ಕುಣಿತ ಬರುತ್ತದೆ. ಅಷ್ಟು ಹೊತ್ತು ಅಳಿಸಿ ಕಡೆಗೆ ಕುಣಿಸಿ ಕಳಿಸುವ ಸಿನಿಮಾ.

ಅತ್ತೆಗೆ ಕಂಡದ್ದು ಜೋಡಿಸಿದ ಕೈ. ನನ್ನ ತೋಳು ಹಿಡಿದು, “ಏನಂದ? ಏನಂದ?” ಎಂದು ಕೇಳಿದರು.

“ತಪ್ಪಾತು ಅಂದಾನ್ರಿ. ಮಾಪಿ ಮಾಡು ತಂಗೀ, ನಾ ಆವತ್ತ ಬರಬೇಕಿತ್ತು ಅಂದಾನ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮನೆಗೆ ಬಂದು, “ಇಂಥಾ ಪಿಚ್ಚರ್ ಮಾಡಬೇಕು ನೋಡು,” ಅಂದರು.

ಮರುದಿನ ಕಾಕೂಗೆ ಆ ಕಥೆ ಹೇಳಿ ಹೋಗಿ ನೋಡಲು ಹೇಳಿದರು. ಕಾಕೂ ನೋಡಿಯೂ ಬಂದರು. ಅದರ ಮಾರನೆಯ ಬೆಳಿಗ್ಗೆ ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಕಟ್ಟೆಯಿಂದ ಮಾತು ಕೇಳಿಸಿತು.

“ಅಗ ಬಾಯಿ, ಎಂಥಾ ಪಿಚ್ಚರಿಗೆ ಕಳಿಸಿದೀ ಅಕ್ಕಾ? ಆಂವ ಎಲ್ಲಿ ಮಾಪಿ ಕೇಳ್ತಾನ?”

“ಕಡೀಕ ಕೇಳ್ತಾನಲ್ಲ. ಕೈ ಮುಗದು.”

“ಕೈ ಮುಗೀತಾನ, ಖರೆ. ಇನ್ನ ನನ್ನ ಹೆಸರ ತಗೀಬ್ಯಾಡ್ರಿ ಅಂತಾನ.”

“ನಿದ್ದಿ ಮಾಡಿರ್ಬೇಕು ನೀ.”

“ನಿದ್ದಿ ಯಾಕ ಮಾಡ್ಲಿ? ಮರಾಠಿ ನಂದು ಅಕ್ಕಾ, ನಿಂದಲ್ಲ.”

“ಭಾಷಾ ನಿಂದು ಇರ್ಲಿ. ಕಿವಿ ನಿನ್ನವು ಅದಾವಿಲ್ಲ? ಮೊನ್ನಿನೂ ಹಂಗ, ನಾ ಮೆಂತೆ ಅಂದ್ರ ನೀ ಮತ್ತೇನೋ ತಂದಿ. ಡಾಕ್ಟರಿಗೆ ಕಿವಿ ತೋರಿಸ್ಕೋ ಬೇ.”

ಇಬ್ಬರೂ ನಗುತ್ತ ಶುರು ಮಾಡಿದ್ದರು. ಈಗ ನಗೆ ನಿಂತಿತ್ತು. ಅತ್ತೆ ನನ್ನನ್ನು ಕೂಗಿದರು. “ಏ ಹುಡುಗೀ, ಹೊರಗ ಬಾ. ನೀನ ಹೇಳು, ಕೇಳ್ತಾನೋ ಇಲ್ಲೋ?”

ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅತ್ತೆಯ ಮುಖದಲ್ಲಿ ಗೆಲ್ಲುವ ಧೈರ್ಯವಿತ್ತು.

“ಕೇಳ್ತಾನ್ರಿ ಕಾಕೂ,” ಅಂದೆ. “ಸಣ್ಣ ದನೀಲೆ ಅಂತಾನ. ನಿಮಗ ಕೇಳಿಸಿರ್ಲಿಕ್ಕಿಲ್ಲ.”

ಕಾಕೂ ಸೋಸಿದ ಮೆಂತೆ ಬುಟ್ಟಿಯಲ್ಲಿ ಹಾಕಿಕೊಂಡು ಎದ್ದರು. ಓಣಿ ದಾಟುವಾಗ ಒಂದು ಕೈ ಕಿವಿಯ ಮೇಲೆ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಅವರು ಕಟ್ಟೆಗೆ ಬಂದು ಕುಳಿತುಕೊಳ್ಳಲಿಲ್ಲ. ಎದುರು ಸಿಕ್ಕರೆ ಊಟ ಆತೇನು, ಚಹಾ ಆತೇನು, ಅಷ್ಟೇ. ಕೆಲವು ತಿಂಗಳಿಗೆ ಅವರ ಮಗ ಅವರನ್ನು ಡಾಕ್ಟರಿಗೆ ತೋರಿಸಿ ಕಿವಿಗೆ ಮಶಿನ್ ಹಾಕಿಸಿದ. ವಯಸ್ಸಿಗೆ ತಕ್ಕಂತೆ ಸ್ವಲ್ಪ ಮಂದ ಇದ್ದದ್ದೂ ಹೌದಂತೆ. ಅದನ್ನು ಕೇಳಿ ಅತ್ತೆ, “ನಾ ಅಂದಿದ್ದಿಲ್ಲಾ?” ಅಂದರು. ಆದರೆ ಸಂಜೆ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಹೇಳಿಬಿಡಬೇಕೆಂದು ನಾನು ಎರಡು ಸಲ ಅವರ ಪಕ್ಕ ಹೋಗಿ ಕುಳಿತೆ. ಹೇಳಿದರೆ ಆ ಅಣ್ಣ ಮಾಪಿ ಕೇಳಲಿಲ್ಲ ಎಂದೂ ಹೇಳಬೇಕಿತ್ತು. ಎರಡು ಸಲವೂ ಬೇರೆ ಏನೋ ಮಾತಾಡಿ ಎದ್ದು ಬಂದೆ.

ಮರುವರ್ಷ ಅತ್ತೆ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಹೊತ್ತು ಹೋಗಲೆಂದು ಮೊಬೈಲಿನಲ್ಲಿ ಕನ್ನಡಕ್ಕೆ ಡಬ್ ಮಾಡಿದ ಒಂದು ಸಿನಿಮಾ ಹಚ್ಚಿ ಕೊಟ್ಟೆ. ನಾನು ಹೇಳುವ ಅವಶ್ಯಕತೆ ಇರಲಿಲ್ಲ. ಕಾಲು ಭಾಗ ನೋಡಿ ಬಂದ್ ಮಾಡಲು ಹೇಳಿದರು. “ಈಗಿನ ಪಿಚ್ಚರ್ ಕೆಟ್ಟಾವ ಬೇ. ನಾವು ಟಾಕೀಜಿನ್ಯಾಗ ನೋಡತಿದ್ವಿಲ್ಲಾ, ಅವು ಛಲೋ ಇದ್ದುವು,” ಅಂದರು. ನಾನು ಹೌದ್ರಿ ಎಂದೆ.

ಸಿನಿಮಾದಲ್ಲಿ ಸಾಯುವವರು ಬಹಳ ಮಾತಾಡುತ್ತಾರೆ. ಯಾರ ಕೈಯನ್ನು ಯಾರ ಕೈಯಲ್ಲಿ ಇಡಬೇಕೋ ಇಟ್ಟು, ಗುಟ್ಟು ಇದ್ದರೆ ಹೇಳಿ, ಆಮೇಲೆ ಕತ್ತು ಹೊರಳಿಸುತ್ತಾರೆ. ಅಂಥ ದೃಶ್ಯ ಬಂದಾಗ ಅತ್ತೆ, “ಇಷ್ಟ ಮಾತಾಡೂ ಶಕ್ತಿ ಇದ್ದಾಕಿ ಯಾಕ ಸಾಯಾಕತ್ತಾಳ?” ಎನ್ನುತ್ತಿದ್ದರು. ಅವರು ಸತ್ತದ್ದು ಮಧ್ಯಾಹ್ನ, ನಾನು ಲೋಟ ತೊಳೆಯಲು ಹೋದಾಗ. ಅದಕ್ಕೂ ಮೊದಲು ಕಡೆಯದಾಗಿ ಆಡಿದ ಮಾತು ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂಬುದು.

ಒಲೆ ಹಚ್ಚದ ದಿನಗಳಲ್ಲಿ ಕಾಕೂ ರೊಟ್ಟಿ, ಝುಣಕಾ ಕಟ್ಟಿಕೊಂಡು ಬಂದರು. ಹೆಂಗಸರು ಅಳುತ್ತಿದ್ದರು. ಕಾಕೂ ಕಿವಿಯಿಂದ ಮಶಿನ್ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೋಡೆಗೆ ಒರಗಿ ಕುಳಿತರು. “ಅಳೂದು ಇದರಾಗ ಭಾಳ ಜೋರ ಬರ್ತೈತಿ,” ಎಂದು ಯಾರಿಗೋ ಹೇಳಿದರು. ಆ ಗಂಟನ್ನು ನೋಡಿದ ಮೇಲೆ ನನಗೆ ಸುಮ್ಮನಿರುವುದು ಕಷ್ಟವಾಯಿತು. ಆದರೂ ವರ್ಷದ ಕಾರ್ಯ ಮುಗಿಯುವವರೆಗೆ ಸುಮ್ಮನಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಕಾಕೂ ಮಂಚದ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅವರ ಸೊಸೆ ಅಡುಗೆಮನೆಯಲ್ಲಿದ್ದಳು. ನಾನು ಪಕ್ಕದಲ್ಲಿ ಕುಳಿತು, ರೂಢಿಯಂತೆ, ಅವರ ಕಿವಿಗೆ ಬಾಯಿ ತಂದೆ. ಕಾಕೂ ತಲೆ ಹಿಂದಕ್ಕೆ ಎಳೆದುಕೊಂಡರು.

“ಕಿವ್ಯಾಗ ಬ್ಯಾಡ. ಏನ್ ಇದ್ರೂ ಜೋರ ಹೇಳು.”

ಜೋರಾಗಿ ಹೇಳಿದೆ. ಆ ಅಣ್ಣ ಮಾಪಿ ಕೇಳಲಿಲ್ಲ. ನೀವು ಹೇಳಿದ್ದೇ ಖರೆ. ನಾನು ಅತ್ತೆಗೆ ಸುಳ್ಳು ಹೇಳಿದ್ದೆ, ಆಮೇಲೆ ನಿಮಗೂ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಕಾಕೂ ಶೇಂಗಾ ಸುಲಿಯುವುದನ್ನು ಬಿಡಲಿಲ್ಲ. “ಅಂದ್ರ ಆವತ್ತ ನನ್ನ ಕಿವಿ ಬರೋಬರಿ ಇದ್ದುವು,” ಅಂದರು.

“ಇದ್ದುವ್ರಿ.”

“ಅಕಿ ಮುಂದ ಯಾಕ ಹೇಳಲಿಲ್ಲ?”

ನಾನು ಅತ್ತೆಯ ಅಣ್ಣನ ವಿಷಯ ಹೇಳಿದೆ. ಅದು ಕಾಕೂಗೆ ಗೊತ್ತಿತ್ತು. ತಲೆ ಅಲ್ಲಾಡಿಸಿದರು, ಒಪ್ಪಿಕೊಂಡಂತೇನೂ ಅಲ್ಲ.

“ಅಕಿ ನನ್ನ ಕಿವುಡಿ ಅಂತ ತಿಳಕೊಂಡ ಹೋದಳು. ನಾನೂ ಹಂಗ ತಿಳಕೊಂಡಿದ್ದೆ,” ಅಂದರು. “ಇನ್ನೂ ಒಂದ ವರ್ಷ ಕಟ್ಟಿ ಮ್ಯಾಲೆ ಇಬ್ರೂ ಕುಂಡ್ರತಿದ್ವಿ. ಅದನ್ನ ನೀ ತಗೊಂಡಿ.”

ನಾನು ಎದ್ದು ಹೊರಟೆ. ಹೊಸ್ತಿಲಿಗೆ ಬಂದಾಗ ಕಾಕೂ ಹಿಂದಿನಿಂದ ಕೇಳಿದರು: “ಅಕಿ ನನಗ ಹೇಳತಿದ್ಲಲ್ಲ, ಅಷ್ಟೂ ಕಥಿ ನಿನ್ನವ ಏನ?”

“ಅಷ್ಟೂ ಅಲ್ರಿ. ಅರ್ಧಾಮುರ್ಧಾ.”

“ನಾಳೆ ಬಾ. ಒಂದೊಂದ ಖರೆ ಹೇಳು. ಯಾವ ಪಿಚ್ಚರ್ ಹೆಂಗಿತ್ತು ಅಂತ.”

ಮರುದಿನ ಹೋದೆ, ಅದರ ಮರುದಿನವೂ ಹೋದೆ. ಈಗ ಹೆಚ್ಚುಕಡಿಮೆ ದಿನಾ ಹೋಗುತ್ತೇನೆ. ಕಾಕೂ ಒಂದು ಸಿನಿಮಾ ನೆನಪು ಮಾಡಿಕೊಂಡು ಅತ್ತೆ ಹೇಳಿದಂತೆ ಕಥೆ ಹೇಳುತ್ತಾರೆ. ಅತ್ತೆಯ ಮಾತು, ಅತ್ತೆಯ ಕೈಬೀಸು, ಎಲ್ಲ ಇರುತ್ತದೆ. ಅದು ಮುಗಿದ ಮೇಲೆ ನಾನು ನಿಜವಾಗಿ ಏನಿತ್ತು ಎಂದು ಜೋರಾಗಿ ಹೇಳುತ್ತೇನೆ. ಎಷ್ಟು ಕೆಟ್ಟ ಸಿನಿಮಾ ನೋಡಿದೆವು ಎಂದು ನನಗೇ ಆಶ್ಚರ್ಯ. ಒಂದರಲ್ಲಿ ಅವಳಿಜವಳಿ ಇದ್ದರು, ಇಬ್ಬರಲ್ಲಿ ಒಬ್ಬ ಯಾಕಿದ್ದ ಎಂದು ತಿಳಿಯಲೇ ಇಲ್ಲ. ಇನ್ನೊಂದರಲ್ಲಿ ಊರಿಗೆ ನೀರು ತರುತ್ತೇನೆ ಎಂದು ಹೊರಟವನು ಮೂರು ಹಾಡು ಹಾಡಿ ತಿರುಗಿ ಬಂದ. ಕಾಕೂ ನನ್ನ ಕಥೆಗಳನ್ನೂ ಬಿಡುವುದಿಲ್ಲ. “ಇದು ನೀ ಮಾಡಿದ್ದೇನ? ಇದೇನ್ ಛಲೋ ಆಗಿಲ್ಲ. ಪಿಚ್ಚರಿನವರದ ಬರೋಬರಿ ಇತ್ತು,” ಎಂದು ಎರಡು ಸಲ ಅಂದಿದ್ದಾರೆ. ಮಾಪಿ ಮಾಡಿದೆ ಎಂದು ಮಾತ್ರ ಈವರೆಗೆ ಅಂದಿಲ್ಲ. ನಾನೂ ಕೇಳಿಲ್ಲ.

ಮೊನ್ನೆ ಅವರು ನೆನಪು ಮಾಡಿದ್ದು ಒಂದು ದೊಡ್ಡ ಮನೆತನದ ಸಿನಿಮಾ. ಮೊದಲ ಅರ್ಧದಲ್ಲಿ ನಾಯಕನ ತಾಯಿ ಇರುತ್ತಾಳೆ. ಇಂಟರ್ವಲ್ ಆದ ಮೇಲೆ ಅವಳು ಇಲ್ಲವೇ ಇಲ್ಲ. ಸತ್ತಳು ಎಂದೂ ಇಲ್ಲ, ಎಲ್ಲಿಗೋ ಹೋದಳು ಎಂದೂ ಇಲ್ಲ. ಮನೆ ಅದೇ, ಮಂಚ ಅದೇ, ಅವಳನ್ನು ಯಾರೂ ಕೇಳುವುದೂ ಇಲ್ಲ. ಸಿನಿಮಾ ಮಾಡಿದವರು ಮರೆತಿದ್ದರು, ಅಷ್ಟೇ. ಅಂದು ಅತ್ತೆ ಕತ್ತಲಲ್ಲಿ, “ಆ ಮುದಕಿ ಎಲ್ಲಿ ಹೋದಳ ಬೇ?” ಎಂದು ಮೂರು ಸಲ ಕೇಳಿದ್ದರು. ಮಗಳ ಮನೆಗೆ ಹೋಗಿದ್ದಾಳಂತೆ, ಆರಾಮ ಇದ್ದಾಳಂತೆ ಎಂದು ನಾನು ಹೇಳಿದ್ದೆ.

ಕಾಕೂ ಕಥೆ ಹೇಳುತ್ತ ಅಲ್ಲಿಗೆ ಬಂದರು. “ಮುಂದ ಅಕಿ ಮಗಳ ಮನಿಗೆ ಹೋಗ್ತಾಳ. ಅಲ್ಲಿ ಹಿತ್ತಲದಾಗ ನುಗ್ಗಿ ಗಿಡ ಐತಿ, ಮೊಮ್ಮಕ್ಕಳದಾವ, ಹೊತ್ತ ಹೋಗೂದ ಗೊತ್ತಾಗೂದಿಲ್ಲ.” ನುಗ್ಗೆ ಗಿಡ ನನ್ನದಲ್ಲ. ಮೊಮ್ಮಕ್ಕಳೂ ನನ್ನವಲ್ಲ. ಅವನ್ನು ಅತ್ತೆ ಸೇರಿಸಿದ್ದರು.

ಕಾಕೂ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ದನಿ ಏರಿಸಿ, “ಖರೆ ಅಂದ್ರ ಕಾಕೂ, ಆ ಮುದುಕಿ...” ಎಂದು ಶುರು ಮಾಡಿದೆ.

“ತಡಿ,” ಅಂದರು ಕಾಕೂ. “ಇದೊಂದ ಹೇಳಬ್ಯಾಡ. ಅಕಿ ಹೇಳಿದಂಗ ಇರ್ಲಿ.”

ಉಳಿದ ಶೇಂಗಾ ಇಬ್ಬರೂ ಸುಲಿದೆವು. ಆಮೇಲೆ ಕಾಕೂ ಸೊಸೆಯನ್ನು ಕೂಗಿ ಚಹಾ ಇಡಲು ಹೇಳಿ, ನನ್ನ ಮೊಣಕೈ ತಿವಿದು, ಮುಂದಿನ ಸಿನಿಮಾ ಶುರು ಮಾಡಿದರು.